ವಾಸನೆ ಬಂದರೆ ಕೆಟ್ಟ ನೀರೇ?



ನಮ್ಮ ಕೊಕ್ಕನೂರಿನವರು ದಾವಣಗೆರೆಗೆ ಹೋಗಿ ಬಂದರೆ ಒಂದು ಮಾತು ಹೇಳೇ ಹೇಳ್ತಾರೆ. "ಅಲ್ಲಿ ನಲ್ಲಿ ನೀರು ಬ್ಲೀಚಿಂಗ್ ಪೌಡರ್ ವಾಸನೆ ಹೊಡಿತೈತೆ, ನಮ್ಮ ಬೋರ್ ನೀರೇ ವಾಸಿ, ಗಾಜಿನಂಗೆ ಐತೆ." ಈ ಮಾತು ನಿಜವೇ? ಮುಂದೆ ಓದೋಕೆ ನಮ್ಮಲ್ಲಿ ಕೆಲವರು ದಾವಣಗೆರೆ, ಹರಿಹರಕ್ಕೆ ಹೋಗುವವರೇ. ಆದ್ದರಿಂದ ಇದನ್ನು ತಿಳಿಯುವುದು ಒಳ್ಳೆಯದು.

ದಾವಣಗೆರೆ ನೀರು ಎಲ್ಲಿಂದ ಬರುತ್ತೆ?

ದಾವಣಗೆರೆಗೆ ಎರಡು ಕಡೆಯಿಂದ ನೀರು ಬರುತ್ತದೆ. ಒಂದು, ನಮ್ಮ ಹರಿಹರ ತಾಲ್ಲೂಕಿನ ರಾಜನಹಳ್ಳಿ ಹತ್ತಿರ ತುಂಗಭದ್ರಾ ನದಿಯಿಂದ ಪಂಪ್ ಮಾಡುವ ನೀರು. ಇನ್ನೊಂದು ಭದ್ರಾ ನಾಲೆಯ ನೀರು. ನಮ್ಮ ಭತ್ತದ ಗದ್ದೆಗಳಿಗೆ ಬರುವುದೂ ಭದ್ರಾ ನೀರೇ. ನಾಲೆಯಲ್ಲಿ ವರ್ಷಪೂರ್ತಿ ನೀರು ಬಿಡುವುದಿಲ್ಲ. ಅದಕ್ಕೇ ನೀರು ಬಿಟ್ಟಾಗ ಕುಂದವಾಡ ಕೆರೆ ಮತ್ತು ಟಿವಿ ಸ್ಟೇಷನ್ ಕೆರೆ ತುಂಬಿಸಿಕೊಳ್ಳುತ್ತಾರೆ.

ಆದರೆ ನದಿ ನೀರನ್ನು ಹಾಗೇ ಕುಡಿಯುವಂತಿಲ್ಲ. ತುಂಗಾ, ಭದ್ರಾ ನದಿಗಳು ಶಿವಮೊಗ್ಗ, ಭದ್ರಾವತಿ ದಾಟಿ ಕೂಡಲಿಯಲ್ಲಿ ಸೇರಿ, ಹೊನ್ನಾಳಿ ಮೇಲೆ ನಮ್ಮ ಕಡೆ ಬರುತ್ತವೆ. ದಾರಿಯಲ್ಲಿ ಊರುಗಳ ಕೊಳೆ ಸೇರುತ್ತದೆ. ದನ ಮೈ ತೊಳೆಯುತ್ತಾರೆ, ಬಟ್ಟೆ ಒಗೆಯುತ್ತಾರೆ.

ನೀರನ್ನು ಹೇಗೆ ಶುದ್ಧ ಮಾಡ್ತಾರೆ?

1. ಮೊದಲು ನೀರನ್ನು ಗಾಳಿಗೆ ಒಡ್ಡುತ್ತಾರೆ.
2. ಆಮೇಲೆ ಪಟಿಕ ಬೆರೆಸುತ್ತಾರೆ. ಮಣ್ಣಿನ ಸಣ್ಣ ಕಣಗಳು ತಾವಾಗೇ ತಳಕ್ಕೆ ಇಳಿಯುವುದಿಲ್ಲ. ಪಟಿಕ ಹಾಕಿದರೆ ಒಂದಕ್ಕೊಂದು ಅಂಟಿಕೊಂಡು ಭಾರವಾಗಿ ತಳ ಸೇರುತ್ತವೆ.
3. ಮೇಲಿನ ತಿಳಿ ನೀರನ್ನು ಮರಳಿನಲ್ಲಿ ಸೋಸುತ್ತಾರೆ.
4. ಕೊನೆಗೆ ಕ್ಲೋರಿನ್ ಹಾಕುತ್ತಾರೆ. ಇದು ಕಾಲರಾ, ಟೈಫಾಯ್ಡ್ ತರುವ ರೋಗಾಣುಗಳನ್ನು ಕೊಲ್ಲುತ್ತದೆ.

ಕ್ಲೋರಿನ್ ಹಾಕಿದರೆ ಕೆಲಸ ಮುಗಿಯಿತು ಅಂತ ತಿಳಿಯಬೇಡಿ. ರೋಗಾಣು ಕೊಂದ ಮೇಲೂ ಸ್ವಲ್ಪ ಕ್ಲೋರಿನ್ ನೀರಿನಲ್ಲಿ ಉಳಿದಿರಬೇಕು. ನಲ್ಲಿ ತುದಿಯಲ್ಲಿ ಒಂದು ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕೆಂದು ನಿಯಮವಿದೆ. ಇದು ದಾರಿಯಲ್ಲಿ ನೀರಿನ ಕಾವಲುಗಾರ ಇದ್ದಂತೆ. ಆ ತೆಳು ವಾಸನೆ ಅಂದ್ರೆ ಕಾವಲುಗಾರ ಇನ್ನೂ ಎಚ್ಚರ ಇದ್ದಾನೆ ಅಂತ ಅರ್ಥ!

ಪೈಪಿನಲ್ಲಿ ಏನಾಗುತ್ತೆ?

ನಲ್ಲಿಯಲ್ಲಿ ಇಡೀ ದಿನ ನೀರು ಬಂದರೆ ಪೈಪಿನ ಒಳಗೆ ಒತ್ತಡ ಇರುತ್ತದೆ. ಎಲ್ಲಾದರೂ ಬಿರುಕು ಇದ್ದರೂ ನೀರು ಹೊರಗೆ ಹೋಗುತ್ತದೆಯೇ ಹೊರತು ಕೊಳೆ ಒಳಗೆ ಬರುವುದಿಲ್ಲ. ನೀರು ನಿಲ್ಲಿಸಿದಾಗ ಒತ್ತಡ ಹೋಗುತ್ತದೆ. ಪೈಪಿನ ಪಕ್ಕ ಚರಂಡಿ ಇದ್ದರೆ ಅದರ ನೀರು ಬಿರುಕಿನಿಂದ ಒಳಗೆ ಇಳಿಯುತ್ತದೆ. ನಲ್ಲಿಗೇ ಮೋಟಾರ್ ಹಚ್ಚಿ ಎಳೆದರೆ ಇನ್ನೂ ಕಷ್ಟ. ಅದು ನೀರಿನ ಜೊತೆ ಕೊಳೆಯನ್ನೂ ಎಳೆಯುತ್ತದೆ. ಶುದ್ಧ ಮಾಡಿ ಕಳಿಸಿದ ನೀರೂ ಹೀಗೆ ಮನೆ ಮುಟ್ಟುವಷ್ಟರಲ್ಲಿ ಕೆಡಬಹುದು.

ಇದು ದೂರದ ಮಾತಲ್ಲ. 2023ರ ಆಗಸ್ಟ್‌ನಲ್ಲಿ ನಮ್ಮ ಪಕ್ಕದ ಚಿತ್ರದುರ್ಗ ನಗರದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ನೂರಕ್ಕೂ ಹೆಚ್ಚು ಜನ ವಾಂತಿ ಭೇದಿಯಿಂದ ಆಸ್ಪತ್ರೆ ಸೇರಿದರು. ಹಲವರು ತೀರಿಕೊಂಡರು. ಅದೂ ನಗರದ ನಲ್ಲಿ ನೀರೇ.

ತಿಳಿ ನೀರು ಅಂದ್ರೆ ಒಳ್ಳೆ ನೀರಾ?

ಇಲ್ಲ. 1854ರಲ್ಲಿ ಲಂಡನ್ ನಗರದ ಬ್ರಾಡ್ ಸ್ಟ್ರೀಟ್ ಎಂಬಲ್ಲಿ ಕಾಲರಾ ಬಂತು. ಅಲ್ಲಿ ಒಂದು ಕೈಪಂಪು ಇತ್ತು. ಅದರ ನೀರು ರುಚಿ ಅಂತ ದೂರದಲ್ಲಿದ್ದ ಒಬ್ಬ ಹೆಂಗಸು ದಿನಾ ತರಿಸಿ ಕುಡಿಯುತ್ತಿದ್ದರು. ಅವರೂ ಕಾಲರಾದಿಂದ ಸತ್ತರು. ಡಾಕ್ಟರ್ ಜಾನ್ ಸ್ನೋ ಸತ್ತವರ ಮನೆಗಳನ್ನು ಲೆಕ್ಕ ಹಾಕಿ, ರೋಗ ಆ ಪಂಪಿನಿಂದಲೇ ಬರುತ್ತಿದೆ ಎಂದು ತೋರಿಸಿದರು. ಪಂಪಿನ ಹಿಡಿಕೆ ಕಳಚಿಸಿದರು. ನೀರಿನ ಬಣ್ಣ, ರುಚಿ ನೋಡಿ ರೋಗಾಣು ಇದೆಯೋ ಇಲ್ಲವೋ ಹೇಳಲು ಆಗುವುದಿಲ್ಲ ಅಂತ ಇದರಿಂದ ತಿಳಿಯುತ್ತದೆ.

ಬೋರ್ ನೀರಿನ ಕಥೆಯೂ ಹೀಗೇ. ನಮ್ಮ ಜಿಲ್ಲೆಯ ಜಗಳೂರು ಕಡೆ ಬೋರ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಲೆಯಾಗುತ್ತದೆ. ಇನ್ನೂ ಹೆಚ್ಚಾದರೆ ಮೂಳೆ ಬಿಗಿಯುತ್ತದೆ. ಆ ನೀರು ಕಣ್ಣಿಗೆ ತಿಳಿಯಾಗೇ ಕಾಣುತ್ತದೆ.

ಕಾಯಿಸಿದರೆ ಸಾಕಾ?

ರೋಗಾಣುವಿಗೆ ಸಾಕು. ಆದರೆ ಫ್ಲೋರೈಡ್ ಕಾಯಿಸಿದರೆ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಷ್ಟೂ ಅದು ಗಟ್ಟಿಯಾಗುತ್ತದೆ. ಅದಕ್ಕೆ ಶುದ್ಧ ನೀರಿನ ಘಟಕ ಬೇಕು. ಕಾರ್ಖಾನೆಯ ವಿಷವನ್ನೂ ಕಾಯಿಸಿ ತೆಗೆಯಲಾಗದು. ಅದು ನದಿಗೆ ಸೇರದಂತೆ ತಡೆಯುವುದೇ ದಾರಿ. ಹರಿಹರದ ಆಚೆ ದಂಡೆಯ ಕುಮಾರಪಟ್ಟಣದ ಕಾರ್ಖಾನೆ ನೀರಿನ ವಿರುದ್ಧ 1980ರ ದಶಕದಲ್ಲಿ ನದಿ ದಂಡೆಯ ಜನ ಹೋರಾಟ ಮಾಡಿದರು. ಸಮಾಜ ಪರಿವರ್ತನ ಸಮುದಾಯದ ಎಸ್.ಆರ್. ಹಿರೇಮಠರು ಅದರ ಮುಂದಾಳುಗಳಲ್ಲಿ ಒಬ್ಬರು.

ನಾವು ಏನು ಮಾಡಬೇಕು?

* ನೀರನ್ನು ಕುದಿ ಬರುವವರೆಗೆ ಕಾಯಿಸಿ, ಆರಿಸಿ, ಮುಚ್ಚಿಡಿ. ಬರೀ ಬಿಸಿಯಾದರೆ ಸಾಲದು.
* ಬಟ್ಟೆಯಲ್ಲಿ ಸೋಸುವುದೂ ಒಳ್ಳೆಯದೇ. ಹೀಗೆ ಸೋಸಿ ಕುಡಿಯುವುದನ್ನು ಜನರಿಗೆ ಕಲಿಸಿದ್ದರಿಂದಲೂ ನಾರುಹುಣ್ಣು ರೋಗ ನಿಂತಿತು. 2000ದಲ್ಲಿ ಭಾರತ ಅದರಿಂದ ಮುಕ್ತವಾಯಿತು. ಆದರೆ ಕಾಲರಾ ರೋಗಾಣು ತುಂಬಾ ಸಣ್ಣದು, ಬಟ್ಟೆ ಒಂದನ್ನೇ ನಂಬಬೇಡಿ.
* ಕ್ಲೋರಿನ್ ಮಾತ್ರೆ ಇದ್ದರೆ ಚೀಟಿಯಲ್ಲಿ ಬರೆದಷ್ಟು ನೀರಿಗೆ ಹಾಕಿ ಅರ್ಧ ಗಂಟೆ ಬಿಡಿ.
* ಕೊಡಕ್ಕೆ ಕೈ ಅದ್ದಬೇಡಿ. ಹಿಡಿ ಇರುವ ಸೌಟು ಬಳಸಿ. ಘಟಕದಿಂದ ತಂದ ನೀರೂ ಕ್ಯಾನ್ ಕೊಳೆಯಾಗಿದ್ದರೆ ಕೆಡುತ್ತದೆ.
* ನಲ್ಲಿ ನೀರು ಇದ್ದಕ್ಕಿದ್ದಂತೆ ಕೆಂಪಾದರೆ, ಚರಂಡಿ ವಾಸನೆ ಬಂದರೆ ಕುಡಿಯದೆ, ಊರಲ್ಲಿ ಪಂಚಾಯಿತಿಗೆ, ಪಟ್ಟಣದಲ್ಲಿ ನಗರಸಭೆಗೋ ಪಾಲಿಕೆಗೋ ಹೇಳಿ.

ಆದ್ದರಿಂದ ಗೆಳೆಯರೇ, ಇನ್ನು ಮುಂದೆ ಯಾರಾದರೂ "ಬ್ಲೀಚಿಂಗ್ ವಾಸನೆ" ಅಂತ ನಲ್ಲಿ ನೀರು ಚೆಲ್ಲಿದರೆ ಚೆಲ್ಲಬ್ಯಾಡ್ರಿ ಅನ್ನಿ. ಕೊಡದಲ್ಲಿ ಸ್ವಲ್ಪ ಹೊತ್ತು ಬಿಟ್ಟರೆ ವಾಸನೆ ತಾನೇ ಹೋಗುತ್ತದೆ. ನಮ್ಮ ಶಾಲೆಯ ಟ್ಯಾಂಕ್ ನೀರನ್ನೂ ಒಮ್ಮೆ ಪರೀಕ್ಷೆ ಮಾಡಿಸಬೇಕೆಂದು ಗುರುಗಳಲ್ಲಿ ಕೇಳಿಕೊಳ್ಳುತ್ತೇನೆ.

— ಏಳನೇ ತರಗತಿ ವಿದ್ಯಾರ್ಥಿ