ಪಾಠದ ಕೋಣೆಯೂ ಅಡುಗೆಯ ಕೋಣೆಯೂ

ನಮ್ಮ ಪ್ರಾಥಮಿಕ ಪಾಠಶಾಲೆಗಳಲ್ಲಿ ‘ಆಹಾರ’ ಎಂಬ ಪಾಠ ನಡೆಯುವ ಬಗೆಯನ್ನು ಕಂಡವರಿಗೆ ಅದರಲ್ಲೊಂದು ವಿನೋದ ತೋರದಿರದು. ಗೋಡೆಯ ಮೇಲೆ ಬಣ್ಣದ ಪಟ ತೂಗುತ್ತಿರುತ್ತದೆ. ಉಪಾಧ್ಯಾಯರು ಕೋಲಿನಿಂದ ಒಂದೊಂದನ್ನೇ ಮುಟ್ಟಿ ತೋರಿಸುತ್ತಾರೆ. ಮಕ್ಕಳು ‘ಪಿಷ್ಟ, ಸಸಾರಜನಕ, ಕೊಬ್ಬು, ಜೀವಸತ್ವ, ಖನಿಜ’ ಎಂದು ಮಗ್ಗಿಯಂತೆ ರಾಗವಾಗಿ ಒಪ್ಪಿಸುತ್ತಾರೆ. ಅದೇ ಹೊತ್ತಿಗೆ ಹತ್ತು ಮಾರು ದೂರದಲ್ಲಿರುವ ಅಡುಗೆಯ ಕೋಣೆಯಿಂದ ಸಾರಿನ ಒಗ್ಗರಣೆ ಚಟಪಟ ಸದ್ದು ಮಾಡಿ ತನ್ನ ಪರಿಮಳವನ್ನು ಕಳುಹಿಸುತ್ತದೆ. ಮಕ್ಕಳ ಕಣ್ಣು ಪಟದ ಮೇಲೆ, ಮೂಗು ಕಿಟಕಿಯ ಆಚೆ. ಪಟದಲ್ಲಿ ಕೆಂಪಗೆ ಹೊಳೆಯುವ ಸೇಬಿನ ಹಣ್ಣನ್ನು ಅವರಲ್ಲಿ ಅನೇಕರು ಜ್ವರ ಬಂದಾಗ ಮಾತ್ರ ಕಂಡಿದ್ದಾರೆ. ಬೇಲಿಯಲ್ಲಿಯೇ ಬೆಳೆದುನಿಂತ ನುಗ್ಗೆಗೆ ಆ ಪಟದಲ್ಲಿ ಜಾಗವಿಲ್ಲ.

ಶಾಲೆಯ ಆವರಣದೊಳಕ್ಕೆ ಅಡುಗೆ ಬಂದದ್ದು ಸಣ್ಣ ಸಂಗತಿಯಲ್ಲ. 2001ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳ ಮಕ್ಕಳಿಗೆ ಬೇಯಿಸಿದ ಊಟವನ್ನೇ ಕೊಡತಕ್ಕದ್ದೆಂದು ಆಜ್ಞೆ ಮಾಡಿತು. ನಮ್ಮಲ್ಲಿ ‘ಅಕ್ಷರ ದಾಸೋಹ’ 2002ರಲ್ಲಿ ಈಶಾನ್ಯದ ಜಿಲ್ಲೆಗಳಿಂದ ಮೊದಲಾಗಿ, ಮರುವರ್ಷ ಉಳಿದ ಕಡೆಗೂ ಹಬ್ಬಿತು. 2013ರಲ್ಲಿ ಹಾಲು ಬಂದಿತು, ತರುವಾಯ ಮೊಟ್ಟೆ ಬಂದಿತು. ಮೊಟ್ಟೆಯ ವಿಚಾರದಲ್ಲಿ ನಡೆದ ವಾಗ್ಯುದ್ಧವನ್ನು ಓದುಗರು ಮರೆತಿರಲಾರರು. ಅದನ್ನು ಇಲ್ಲಿ ಮತ್ತೆ ಕೆದಕುವ ಇಷ್ಟ ನನಗಿಲ್ಲ. ಅನ್ನವನ್ನು ದಾಸೋಹವೆಂದು ಕರೆದ ನಾಡಿನಲ್ಲಿ ಆ ಅನ್ನವನ್ನು ಅಕ್ಷರದೊಡನೆ ಕೂಡಿಸಿ ಹೆಸರಿಟ್ಟವರ ಬುದ್ಧಿಯನ್ನು ಮೆಚ್ಚಬೇಕು. ಆದರೆ ಹೆಸರಿನಲ್ಲಿ ಕೂಡಿದ ಆ ಎರಡು ಮಾತುಗಳು ಶಾಲೆಯೊಳಗೆ ಇನ್ನೂ ಪರಸ್ಪರ ಮಾತನಾಡಿಲ್ಲ ಎಂಬುದೇ ನನ್ನ ತಕರಾರು.

ಈಚೆಗೆ ತುಮಕೂರು ಸೀಮೆಯಲ್ಲಿ ಬಂಧುಗಳ ಊರಿಗೆ ಹೋಗಿದ್ದಾಗ, ಅಲ್ಲಿಯ ಶಾಲೆಯ ಮುಖ್ಯೋಪಾಧ್ಯಾಯರು ನನ್ನನ್ನು ಕರೆದೊಯ್ದು ಒಂದು ಹೊಸ ಬಗೆಯ ಗಣಿತದ ಪಾಠವನ್ನು ತೋರಿಸಿದರು. ಐದನೆಯ ತರಗತಿಯ ಮಕ್ಕಳು ಅಡುಗೆಯ ಕೋಣೆಯ ಬಾಗಿಲಲ್ಲಿ ನಿಂತಿದ್ದರು. ಕೆಳಗಿನ ತರಗತಿಗಳ ಮಗುವೊಂದಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ ಎಂದು ನಿಯಮ. ಆ ದಿನ ಕೆಳಗಿನ ತರಗತಿಗಳಿಂದ ಬಂದಿದ್ದ ಮಕ್ಕಳು ಅರವತ್ತೆರಡು. ಬೇಳೆ ಎಷ್ಟು? ಹಲಗೆಯ ಮೇಲೆ ತ್ರೈರಾಶಿ ಎಂದರೆ ಮುಖ ಕಿವುಚುವ ಹುಡುಗರೇ ಅಲ್ಲಿ ಪೈಪೋಟಿಯಿಂದ ‘ಒಂದು ಕಿಲೋ ಇನ್ನೂರ ನಲವತ್ತು ಗ್ರಾಂ’ ಎಂದು ಕೂಗಿದರು. ಅಡುಗೆಯ ತಾಯಿಯು ಲೆಕ್ಕವನ್ನು ಕೇಳಿಸಿಕೊಳ್ಳದೆಯೇ ತನ್ನ ಡಬ್ಬಿಯಿಂದ ಅಳೆದು ಹಾಕಿದಳು. ತಕ್ಕಡಿಯಲ್ಲಿಟ್ಟು ನೋಡಿದರೆ ಹತ್ತು ಗ್ರಾಮಿನ ಅಂತರವೂ ಇರಲಿಲ್ಲ. ಮಕ್ಕಳು ಆಕೆಯನ್ನು ಆ ದಿನದಿಂದ ಬೇರೆ ಕಣ್ಣಿನಿಂದ ನೋಡಿರಬೇಕು.

ಅಲ್ಲಿ ಇನ್ನೊಂದು ಪ್ರಶ್ನೆ ಬಂದಿತು. ಹುಣಿಸೆಯ ಹುಳಿಯನ್ನು ಬೇಳೆಯೊಡನೆ ಮೊದಲೇ ಏಕೆ ಹಾಕಬಾರದೆಂದು ಒಬ್ಬ ಹುಡುಗಿ ಕೇಳಿದಳು. ‘ಹಾಕಿದರೆ ಬೇಯಲ್ಲ ಕಣವ್ವಾ’ ಎಂದಷ್ಟೇ ಆಕೆಯ ಉತ್ತರ. ಆಮ್ಲವು ಬೇಳೆಯ ಕೋಶಗಳ ನಡುವಣ ಬೆಸುಗೆಯನ್ನು ಕರಗಗೊಡುವುದಿಲ್ಲ ಎಂಬ ಕಾರಣವನ್ನು ಉಪಾಧ್ಯಾಯರು ಹೇಳಿದರು. ಅನುಭವ ಒಬ್ಬರದು, ಕಾರಣ ಇನ್ನೊಬ್ಬರದು. ಸೊಪ್ಪನ್ನು ಹೆಚ್ಚಿದ ಮೇಲೆ ತೊಳೆಯದೆ ಮೊದಲೇ ತೊಳೆಯುವುದು, ಅನ್ನದ ಗಂಜಿಯನ್ನು ಬಸಿದು ಚೆಲ್ಲದಿರುವುದು, ಸೊಪ್ಪಿನ ಪಲ್ಯಕ್ಕೆ ನಿಂಬೆಯ ರಸ ಹಿಂಡುವುದು, ಇವುಗಳಲ್ಲೆಲ್ಲ ಒಂದೊಂದು ಪಾಠವಿದೆ. ನೀರಿನಲ್ಲಿ ಕರಗುವ ಜೀವಸತ್ವಗಳು ನೀರಿನೊಡನೆಯೇ ಹೊರಟುಹೋಗುತ್ತವೆ. ನಿಂಬೆಯ ‘ಸಿ’ ಜೀವಸತ್ವವು ಸೊಪ್ಪಿನ ಕಬ್ಬಿಣಾಂಶವನ್ನು ದೇಹಕ್ಕೆ ದಕ್ಕಿಸಿಕೊಡುತ್ತದೆ. ಇದು ಬರಿಯ ಪಾಂಡಿತ್ಯವಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ರಾಜ್ಯದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ಸುಮಾರು ಅರವತ್ತೈದು ಮಂದಿ ರಕ್ತಹೀನರು. ಒಂದನೆಯ ತರಗತಿಯ ಮಣೆಯ ಮೇಲೆ ಬಂದು ಕೂರುವವರು ಅವರೇ ಅಲ್ಲವೆ?

ಇನ್ನು ಹೊಲದ ಮಾತು. ನಮ್ಮ ಹಳೆಯ ರೈತ ರಾಗಿಯನ್ನು ಒಂಟಿಯಾಗಿ ಬಿತ್ತಿದವನಲ್ಲ. ನಡುನಡುವೆ ಅಕ್ಕಡಿ ಸಾಲು ಹಿಡಿದು ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆಗಳನ್ನು ಹಾಕುತ್ತಿದ್ದ. ಪಟದಲ್ಲಿ ಐದು ಬಣ್ಣಗಳಲ್ಲಿ ಬರೆದಿರುವ ಸಮತೋಲ ಆಹಾರವು ಅವನ ಹೊಲದಲ್ಲಿ ಸಾಲುಸಾಲಾಗಿ ನಿಂತಿರುತ್ತಿತ್ತು: ರಾಗಿಯಲ್ಲಿ ಪಿಷ್ಟ, ಅವರೆ ತೊಗರಿಗಳಲ್ಲಿ ಸಸಾರಜನಕ, ಹುಚ್ಚೆಳ್ಳಿನಲ್ಲಿ ಎಣ್ಣೆ, ಸಾಲಿನ ನಡುವೆ ತಾನಾಗಿ ಎದ್ದ ಅಣ್ಣೆ, ಗೋಣಿ, ಕನ್ನೆಸೊಪ್ಪುಗಳಲ್ಲಿ ಜೀವಸತ್ವ. ನಮ್ಮ ಭಾಷೆಯ ಒಂದು ಚಮತ್ಕಾರವನ್ನು ಇಲ್ಲಿ ಹೇಳದಿರಲಾರೆ. ಗಾಳಿಯಲ್ಲಿರುವ ‘ಸಾರಜನಕ’ವನ್ನು ತೊಗರಿಯ ಬೇರಿನ ಗಂಟುಗಳಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು ಹಿಡಿದು ಗಿಡಕ್ಕೆ ಒದಗಿಸುತ್ತವೆ, ಗಿಡ ಅದನ್ನು ಕಾಳಿನಲ್ಲಿ ‘ಸಸಾರಜನಕ’ವಾಗಿ ಕೂಡಿಡುತ್ತದೆ. ಒಂದೇ ಅಕ್ಷರದ ಅಂತರ! ಒಂದು ತೊಗರಿಯ ಗಿಡವನ್ನು ಬೇರುಸಹಿತ ಕಿತ್ತು ಆ ಪುಟ್ಟ ಗಂಟುಗಳನ್ನು ತೋರಿಸಿದರೆ, ಎರಡು ಪಾಠಗಳು ಒಂದೇ ಗಳಿಗೆಯಲ್ಲಿ ಮುಗಿಯುತ್ತವೆ.

ರಾಗಿಯದೂ ಅಂತಹುದೇ ಕಥೆ. ಅದರ ಸಿಪ್ಪೆ ಕಾಳಿಗೆ ಬಿಗಿದುಕೊಂಡಿರುವುದರಿಂದ ಅಕ್ಕಿಯಂತೆ ಅದನ್ನು ಪಾಲಿಷ್ ಮಾಡಿ ಬೆಳ್ಳಗೆ ಮಾಡುವುದು ಸುಲಭವಲ್ಲ. ಬಡವನು ತಿಳಿಯದೆಯೇ ಇಡಿಯ ಧಾನ್ಯವನ್ನು ಉಂಡ. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಮಿಗೂ ಮಿಕ್ಕ ಕ್ಯಾಲ್ಸಿಯಂ ಇದೆ. ಅಕ್ಕಿಯಲ್ಲಿ ಹತ್ತರ ಆಸುಪಾಸು. ಹಗೇವಿನಲ್ಲಿ ಸುರಿದು ಮುಚ್ಚಿದರೆ ವರ್ಷಗಟ್ಟಲೆ ಹುಳು ಹಿಡಿಯದು. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ನಮ್ಮ ರಾಗಿಯನ್ನೂ ಆಫ್ರಿಕದ ರಾಗಿಯನ್ನೂ ಕೂಡಿಸಿ ‘ಇಂಡಾಫ್’ ತಳಿಗಳನ್ನು ತಂದರು. ಅವರ ಹೆಸರನ್ನು ಎಷ್ಟು ಪಾಠಶಾಲೆಗಳಲ್ಲಿ ಹೇಳುತ್ತಾರೋ ಕಾಣೆ. 2023ನ್ನು ವಿಶ್ವಸಂಸ್ಥೆಯು ಸಿರಿಧಾನ್ಯಗಳ ವರ್ಷವೆಂದು ಸಾರಿದ ಮೇಲೆ ಪೇಟೆಯ ಹೋಟೆಲುಗಳಿಗೆ ರಾಗಿಯ ಮೇಲೆ ಮೋಹ ಬಂದಿದೆ. ಅತ್ತ ಹಳ್ಳಿಯ ಹುಡುಗ ಬುತ್ತಿಯಲ್ಲಿ ಮುದ್ದೆ ತರಲು ನಾಚುತ್ತಾನೆ. ಇದು ನನಗೆ ನಗು ತರುವ ಸಂಗತಿಯಲ್ಲ.

ಹಾಗಾದರೆ ಶಾಲೆಯಲ್ಲಿ ಗುದ್ದಲಿ ಹಿಡಿಸೋಣವೆ? ಅದೇ ಊರಿನ ರೈತರೊಬ್ಬರು ನನ್ನ ಮುಂದೆಯೇ ಮುಖ್ಯೋಪಾಧ್ಯಾಯರಿಗೆ ಹೇಳಿದರು: ‘ಮಣ್ಣು ಹೊರೋದ್ನ ನಾನೇ ಕಲಿಸ್ತೀನಿ ಮೇಷ್ಟ್ರೇ, ಕಾಸಿನ ಖರ್ಚಿಲ್ಲ. ನೀವು ಇಂಗ್ಲೀಷು ಕಲಿಸಿ.’ ಈ ಮಾತಿಗೆ ಥಟ್ಟನೆ ಎದುರು ಹೇಳಬಲ್ಲವರು ಯಾರು? ಮೂರು ತಲೆಮಾರು ಪರರ ಹೊಲದಲ್ಲಿ ಬೆನ್ನು ಬಾಗಿಸಿದ ಮನೆತನಕ್ಕೆ ಶಾಲೆ ಎಂದರೆ ಮಣ್ಣಿನಿಂದ ಮೇಲೇಳುವ ಮೆಟ್ಟಿಲು. ಕಲಿಕೆಯ ಹೆಸರಿನಲ್ಲಿ ಮಕ್ಕಳಿಂದ ಕಸ ಗುಡಿಸಿಸಿ, ನೀರು ಹೊರಿಸಿದ ಶಾಲೆಗಳನ್ನು ಕಂಡವರಿಗೆ ಸಂಶಯ ಬರುವುದು ಸಹಜ. ಎಲ್ಲ ಮಕ್ಕಳಿಂದಲೂ ಅಲ್ಲ, ಕೆಲವು ಕೇರಿಗಳ ಮಕ್ಕಳಿಂದ ಮಾತ್ರ ಈ ಸೇವೆ ಪಡೆದದ್ದೂ ಉಂಟು.

1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಮುಂದಿಟ್ಟು, ಜಾಕಿರ್ ಹುಸೇನರ ಸಮಿತಿ ರೂಪು ಕೊಟ್ಟ ಮೂಲಶಿಕ್ಷಣವು ಕೈಕಸಬನ್ನು ವಿದ್ಯೆಯ ನಡುವೆ ತಂದಿತು; ಬೇಸಾಯ, ಹಣ್ಣು ತರಕಾರಿಯ ತೋಟಗಾರಿಕೆಗಳೂ ಅದರಲ್ಲಿದ್ದವು. ಮಕ್ಕಳ ಉತ್ಪನ್ನದಿಂದ ಶಾಲೆಯ ವೆಚ್ಚವೂ ಸಾಗಬೇಕೆಂಬ ಅಂಶಕ್ಕೆ ಆಗಲೇ ಬಹಳ ವಿರೋಧವಿತ್ತು. ಆಮೇಲೆ ಕೊಠಾರಿ ಆಯೋಗದ ‘ಕಾರ್ಯಾನುಭವ’ ಬಂದಿತು, 1977ರಲ್ಲಿ ‘ಸಮಾಜೋಪಯೋಗಿ ಉತ್ಪಾದಕ ಕಾರ್ಯ’ ಬಂದಿತು. ಹೆಸರು ಉದ್ದವಾದಷ್ಟೂ ಕೆಲಸ ಗಿಡ್ಡವಾಯಿತು.

ನನ್ನ ಅಭಿಪ್ರಾಯವನ್ನು ಮುಚ್ಚಿಡುವುದಿಲ್ಲ. ಆ ರೈತರ ಮಾತು ನೂರಕ್ಕೆ ನೂರು ಸರಿ, ಶಾಲೆಯು ಮಗುವಿನಿಂದ ಬೆಳೆ ತೆಗೆಯಲು ಹೊರಟರೆ. ಆದರೆ ತಂದೆ ಹೊಲದಲ್ಲಿ ಕಲಿಸುವುದು ‘ಹೇಗೆ’ ಎಂಬುದನ್ನು. ‘ಏಕೆ’ ಎಂಬುದನ್ನು ಕೇಳಲು ಅವರಿಗೆ ಬಿಡುವಿಲ್ಲ. ಒಂದು ಅಂಕಣದಷ್ಟು ನೆಲದಲ್ಲಿ ಎರಡು ಸಾಲು ಗೊಬ್ಬರ ಹಾಕಿ, ಎರಡು ಸಾಲು ಹಾಕದೆ ಬೆಳೆದು, ಅಳೆದು ಬರೆದಿಟ್ಟರೆ ಅದು ಕೂಲಿಯಲ್ಲ, ವಿಜ್ಞಾನ. ಅದರಲ್ಲಿ ಗೌಡರ ಮಗನೂ ಕೈ ಕೆಸರು ಮಾಡಿಕೊಳ್ಳಬೇಕು. ಹೆಣ್ಣುಮಕ್ಕಳು ಅವರೆ ಸುಲಿಯುವಾಗ ಗಂಡುಮಕ್ಕಳು ಚೆಂಡಾಡುವ ಕ್ರಮವಿದ್ದರೆ ಅಂತಹ ಪಾಠವೇ ಬೇಡ. ಅಡುಗೆಯ ತಾಯಿ ಯಾವ ಕೇರಿಯವಳೆಂದು ವಿಚಾರಿಸಿ ತಟ್ಟೆ ಸರಿಸಿದ ಊರುಗಳು ನಮ್ಮಲ್ಲಿವೆ. ಅಲ್ಲಿ ಆಕೆಯನ್ನು ಮಕ್ಕಳ ಮುಂದೆ ನಿಲ್ಲಿಸಿ, ಬೇಳೆ ಬೇಯುವ ರಹಸ್ಯವನ್ನು ಆಕೆಯ ಬಾಯಿಂದಲೇ ಹೇಳಿಸುವುದು ಯಾವ ನೀತಿಪಾಠಕ್ಕಿಂತಲೂ ಮೇಲಾದೀತು.

ಮುಖ್ಯೋಪಾಧ್ಯಾಯರಿಗಿದ್ದ ಚಿಂತೆಯೇ ಬೇರೆ. ತೋಟ ಮಾಡಿದ ಶಾಲೆಗಳಲ್ಲೆಲ್ಲ ಏಪ್ರಿಲ್ ಮೇ ತಿಂಗಳ ರಜೆಯಲ್ಲಿ ನೀರಿಲ್ಲದೆ ಗಿಡಗಳು ಒಣಗುತ್ತವೆಯಂತೆ. ಜೂನ್‌ನಲ್ಲಿ ಬಂದ ಮಕ್ಕಳು ಒಣಕಡ್ಡಿಗಳನ್ನು ನೋಡಿ ಬೇಸರಗೊಳ್ಳುತ್ತಾರಂತೆ. ನಾವಿಬ್ಬರೂ ಜಗಲಿಯ ಮೇಲೆ ಕುಳಿತು ಪಂಚಾಂಗವನ್ನೂ ಶಾಲೆಯ ವೇಳಾಪಟ್ಟಿಯನ್ನೂ ಎದುರುಬದುರು ಇಟ್ಟು ನೋಡಿದೆವು. ಜುಲೈನಲ್ಲಿ ಬಿತ್ತಿದ ರಾಗಿ ನವೆಂಬರ್ ಡಿಸೆಂಬರ್ ವೇಳೆಗೆ ಕೊಯ್ಲಿಗೆ ಬರುತ್ತದೆ. ಅಕ್ಕಡಿಯ ಅವರೆ ಸಂಕ್ರಾಂತಿಯ ಚಳಿಯಲ್ಲಿ ಸೊಗಡು ಬಿಡುತ್ತದೆ. ಎರಡೂ ಪರೀಕ್ಷೆಗೆ ಮುಂಚೆಯೇ ಮನೆ ಸೇರುತ್ತವೆ. ಕೈತೊಳೆಯುವ ನಲ್ಲಿಯ ನೀರು ಹರಿದುಹೋಗುವ ಕಡೆ ಒಂದು ನುಗ್ಗೆಯ ಕೊಂಬೆಯನ್ನು ನೆಟ್ಟುಬಿಡಿ ಎಂದೆ. ಒಮ್ಮೆ ಬೇರೂರಿದರೆ ಅದಕ್ಕೆ ರಜೆಯ ಹಂಗಿಲ್ಲ.