ಕಳಸೂಬಾಯಿ ಶಿಖರಾರೋಹಣ: ಏರುವ ಮುನ್ನ ಇಳಿಯುವ ಯೋಚನೆ

ಸಹ್ಯಾದ್ರಿಯ ಕಳಸೂಬಾಯಿ ಮಹಾರಾಷ್ಟ್ರದ ಅತ್ಯುನ್ನತ ಶಿಖರ. ಸಮುದ್ರಮಟ್ಟದಿಂದ ಇದರ ಎತ್ತರ 1,646 ಮೀಟರ್. ಅಹಿಲ್ಯಾನಗರ ಜಿಲ್ಲೆಯ (2024ರವರೆಗೆ ಅಹಮದ್‌ನಗರ) ಅಕೋಲೆ ತಾಲ್ಲೂಕಿನ ಬಾರಿ ಎಂಬ ಗ್ರಾಮದಿಂದ ಹೊರಡುವ ಕಾಲುದಾರಿಯು ಬೆಟ್ಟದ ಏಣಿನ ಮೇಲೆ ಸಾಗಿ, ನೆತ್ತಿಯ ಮೇಲಿನ ದೇವಿಯ ಗುಡಿಯನ್ನು ಮುಟ್ಟುತ್ತದೆ. ಮುಂಬಯಿ, ಪುಣೆಗಳ ಚಾರಣಪ್ರಿಯರಿಗೆ ಇದು ಚಿರಪರಿಚಿತ ಮಾರ್ಗ.

ಸುಮಾರು 6.6 ಕೋಟಿ ವರ್ಷಗಳ ಹಿಂದೆ ಇಲ್ಲಿ ಪದರ ಪದರವಾಗಿ ಹರಿದ ಲಾವಾರಸವು ಘನೀಭವಿಸಿ ಬಸಾಲ್ಟ್ ಶಿಲೆಯಾಯಿತು. ಮೆದುವಾದ ಪದರಗಳು ಸವೆದು ಇಳಿಜಾರುಗಳಾದವು. ಗಟ್ಟಿ ಪದರಗಳು ಕಡಿದಾದ ಗೋಡೆಗಳಾಗಿ ಉಳಿದವು. ಆದುದರಿಂದಲೇ ಸ್ವಲ್ಪ ದೂರ ಸುಗಮವಾಗಿ ಸಾಗುವ ದಾರಿ ಇದ್ದಕ್ಕಿದ್ದಂತೆ ಬಂಡೆಗೆ ಎದುರಾಗುತ್ತದೆ. ಅಂತಹ ಕಡೆಗಳಲ್ಲಿ ಕಬ್ಬಿಣದ ಏಣಿಗಳನ್ನು ಅಳವಡಿಸಲಾಗಿದೆ.

ಹತ್ತುವಾಗ ಉಸಿರಿಗೆ ಶ್ರಮ. ಇಳಿಯುವಾಗ ಮೊಣಕಾಲಿಗೆ ಶ್ರಮ. ಪ್ರತಿ ಹೆಜ್ಜೆಯಲ್ಲೂ ತೊಡೆಯ ಸ್ನಾಯುಗಳು ದೇಹದ ಭಾರವನ್ನು ತಡೆದು ನಿಲ್ಲಿಸಬೇಕಾಗುತ್ತದೆ. ಆಗಲೇ ದಣಿದ ಕಾಲು ಪಾಚಿಗಟ್ಟಿದ ಕಲ್ಲಿನ ಮೇಲೆ ಸುಲಭವಾಗಿ ಜಾರುತ್ತದೆ. ಏಣಿಯನ್ನು ಇಳಿಯುವಾಗ ಮುಖವನ್ನು ಏಣಿಯ ಕಡೆಗೇ ಇಟ್ಟು, ಒಬ್ಬರು ಇಳಿದ ಬಳಿಕ ಮತ್ತೊಬ್ಬರು ಇಳಿಯುವುದು ಸುರಕ್ಷಿತ.

ಮಳೆಗಾಲಕ್ಕೆ ಮುನ್ನ ಮತ್ತು ಅದು ಮುಗಿಯುವ ಹೊತ್ತಿನಲ್ಲಿ ಮಧ್ಯಾಹ್ನಾನಂತರ ಗುಡುಗು ಮಿಂಚಿನ ಮೋಡಗಳು ಕಟ್ಟುವುದುಂಟು. ಬಯಲಾದ ಏಣು ಸಿಡಿಲಿಗೆ ಈಡಾಗುವ ಸ್ಥಳ; ನಮಗೆ ಆಸರೆಯಾದ ಕಬ್ಬಿಣದ ಏಣಿಯೇ ವಿದ್ಯುತ್ತಿನ ವಾಹಕ. ಮಿಂಚು ಕಂಡು 30 ಸೆಕೆಂಡುಗಳೊಳಗೆ ಗುಡುಗು ಕೇಳಿಸಿದರೆ, ಸಿಡಿಲು ಸುಮಾರು 10 ಕಿಲೋಮೀಟರ್ ಒಳಗೇ ಇದೆಯೆಂದು ತಿಳಿಯಬೇಕು. ಆದರೆ ಆ ವೇಳೆಗೆ ಏಣಿಗಳ ಮೇಲ್ಗಡೆ ಇರುವವರಿಗೆ ಸುರಕ್ಷಿತವಾದ ದಾರಿಯೇ ಉಳಿದಿರುವುದಿಲ್ಲ.

ಈ ಕಾರಣದಿಂದ ಮರಳುವ ಸಮಯವನ್ನು ಬೆಟ್ಟದ ಬುಡದಲ್ಲಿಯೇ ನಿಶ್ಚಯಿಸಿಕೊಳ್ಳುವುದು ಅವಶ್ಯಕ. ಮುಂಜಾವಿನಲ್ಲಿ ಹೊರಟು, ಮಧ್ಯಾಹ್ನಕ್ಕೆ ಮೊದಲೇ ಏಣಿಗಳನ್ನು ಇಳಿದಿರುವಂತೆ ವೇಳೆಯನ್ನು ಗೊತ್ತುಪಡಿಸಬೇಕು. ಗೊತ್ತಾದ ವೇಳೆ ಮೀರಿದರೆ, ಶಿಖರ ಕೂಗಳತೆಯಲ್ಲಿದ್ದರೂ ಹಿಂದಿರುಗಬೇಕು. ತಂಡದಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರ ನಡಿಗೆಯೇ ಈ ಲೆಕ್ಕಕ್ಕೆ ಆಧಾರವಾಗಿರಲಿ. ಸಾಕಷ್ಟು ನೀರು, ಹಿಡಿತವುಳ್ಳ ಪಾದರಕ್ಷೆ, ಒಂದು ಟಾರ್ಚು ಜೊತೆಗಿರಲಿ. ಹೊರಡುವ ಮುನ್ನ ಹವಾಮಾನ ಇಲಾಖೆಯ ಮುನ್ಸೂಚನೆಯನ್ನು ಗಮನಿಸಿರಿ. ತುರ್ತು ನೆರವಿಗೆ 112 ಸಂಖ್ಯೆಗೆ ಕರೆ ಮಾಡಬಹುದು.

ಇಂದು ಕೈತಪ್ಪಿದ ಶಿಖರ ನಾಳೆಯೂ ಅಲ್ಲಿಯೇ ಇರುತ್ತದೆ. ಸುರಕ್ಷಿತವಾಗಿ ಮನೆ ಸೇರಿದವರು ಮತ್ತೊಮ್ಮೆ ಅದನ್ನು ಏರಬಲ್ಲರು.