ಬೋಣಿ ಅಂದರೆ ಇಲ್ಲಿ ಇನ್ನೊಂದು ಅರ್ಥ

ಗದಗದಿಂದ ಬಂದು ಅಹಮದಾಬಾದಿನ ಬೋಡಕ್‌ದೇವ್‌ನಲ್ಲಿ ಮನೆ ಮಾಡಿದ ಮೊದಲ ದೀಪಾವಳಿ. ನಮ್ಮ ಬಲಿಪಾಡ್ಯಮಿಯೇ ಗುಜರಾತಿಗಳಿಗೆ ಹೊಸ ವರ್ಷ, 'ಬೆಸ್ತು ವರಸ್'. ಬೆಳಿಗ್ಗೆ ಬೆಲ್ ಆಯಿತು. ಬಾಗಿಲು ತೆಗೆದರೆ ನಮ್ಮ ಸೊಸೈಟಿಯ ವಾಚ್‌ಮನ್ ಕಾಕಾ. ಗದಗದ ಕಡೆಯೂ ಕಾಕಾ, ಇಲ್ಲಿಯೂ ಕಾಕಾ. ಹಾಗಾಗಿ ಬಂದ ದಿನದಿಂದಲೇ ಸಲಿಗೆ.

"ಸಾಲ್ ಮುಬಾರಕ್ ಸಾಹೇಬ್. ಬೋಣಿ?" ಅಂದರು.

ನಮ್ಮೂರಿನಲ್ಲಿ ಬೋಣಿ ಅಂದರೆ ಅಂಗಡಿಯವನ ದಿನದ ಮೊದಲ ವ್ಯಾಪಾರ. ಹಬ್ಬಕ್ಕೆಂದು ಏನೋ ಮಾರಲು ಬಂದಿರಬೇಕು ಅಂದುಕೊಂಡೆ. "ಕುಛ್ ನಹೀ ಚಾಹಿಯೇ ಕಾಕಾ" ಎಂದು ಕೈಮುಗಿದು ಬಾಗಿಲು ಹಾಕಿದೆ.

ಸಂಜೆ ಸಿಹಿ ಕೊಡಲು ಬಂದ ಎದುರುಮನೆಯ ಬೆನ್‌ಗೆ ಇದನ್ನು ಹೇಳಿದಾಗ ಅವರು ಮೊದಲು ನಕ್ಕರು, ಆಮೇಲೆ ಅರ್ಥ ಬಿಡಿಸಿ ಹೇಳಿದರು. ಗುಜರಾತಿಯಲ್ಲಿ ಬೋಣಿಗೆ ನಮ್ಮ ಅರ್ಥವೂ ಇದೆ. ಜೊತೆಗೆ ಹೊಸ ವರ್ಷಕ್ಕೆ ವಾಚ್‌ಮನ್, ಪೋಸ್ಟ್‌ಮನ್, ಮನೆಗೆಲಸದವರಿಗೆ ಖುಷಿಯಿಂದ ಕೊಡುವ ಹಣಕ್ಕೂ ಅದೇ ಹೆಸರು. ಎಷ್ಟು ತಡವಾಗಿ ಬಂದರೂ ಗೇಟು ತೆಗೆಯುತ್ತಿದ್ದ ಮನುಷ್ಯ ಕೇಳಿದ್ದು ಭಿಕ್ಷೆಯನ್ನಲ್ಲ, ವರ್ಷದ ಮೊದಲ ಗಳಿಕೆಯನ್ನು. ನಾನು ಬಾಗಿಲು ಹಾಕಿದ್ದು ಅದಕ್ಕೆ! ಕೂಡಲೇ ಲಕೋಟೆಯಲ್ಲಿ ಹಣವಿಟ್ಟು ಕೆಳಗಿಳಿದೆ. ಕಾಕಾ ಅದನ್ನು ಕಣ್ಣಿಗೊತ್ತಿಕೊಂಡರು, ಒಂದು ಮಾತೂ ಆಡಲಿಲ್ಲ. ನನಗೆ ಅದೇ ಹೆಚ್ಚು ನಾಚಿಕೆಯಾಯಿತು.

ಟಿಪ್ಸ್ ಅಂದಕೂಡಲೇ ನಾವು ಶೇಕಡಾ ಎಷ್ಟು ಎಂದು ಲೆಕ್ಕ ಹಾಕುತ್ತೇವೆ. ಆದರೆ ಆ ಊರಿನಲ್ಲಿ ಆ ಹಣ ಏನು ಎಂಬುದನ್ನು ಮೊದಲು ತಿಳಿಯಬೇಕು. ಅಮೆರಿಕದಲ್ಲಿ ಅದು ಸಂಬಳದ ಭಾಗ. ಟಿಪ್ಸ್ ಪಡೆಯುವ ನೌಕರರಿಗೆ ಮಾಲೀಕ ತನ್ನ ಕೈಯಿಂದ ಕೊಡಲೇಬೇಕಾದದ್ದು ಅಲ್ಲಿನ ಫೆಡರಲ್ ಕಾನೂನಿನ ಪ್ರಕಾರ ಗಂಟೆಗೆ ಬರೀ 2.13 ಡಾಲರ್. 1991ರಿಂದ ಅದು ಏರಿಲ್ಲ. ಹೆಚ್ಚಿನ ರಾಜ್ಯಗಳು ಇದಕ್ಕಿಂತ ಹೆಚ್ಚು ನಿಗದಿ ಮಾಡಿವೆ. ಹಾಗಾಗಿ 15ರಿಂದ 20 ಶೇಕಡಾ ಬಿಡದೆ ಎದ್ದರೆ ಆ ಹುಡುಗನ ಕೂಲಿಗೇ ಕತ್ತರಿ. ಫ್ರಾನ್ಸಿನಲ್ಲಿ ಸೇವೆಯ ಹಣ ಊಟದ ಬೆಲೆಯಲ್ಲೇ ಸೇರಿರುತ್ತದೆ, ಚಿಲ್ಲರೆ ಬಿಟ್ಟರೆ ಸಾಕು. ಜಪಾನಿನಲ್ಲಿ ಟಿಪ್ಸ್ ಕೊಡುವ ರೂಢಿಯೇ ಇಲ್ಲ. ಮೇಜಿನ ಮೇಲೆ ಹಣ ಬಿಟ್ಟರೆ, ಮರೆತು ಹೋದಿರಿ ಎಂದು ಹಿಂದೆ ಓಡಿಬಂದು ವಾಪಸ್ ಕೊಟ್ಟಾರು.

ನಮ್ಮ ದೇಶದಲ್ಲಿ ಗೊಂದಲ ಆಗುವುದು ಬಿಲ್ಲಿನಲ್ಲಿರುವ ಸರ್ವೀಸ್ ಚಾರ್ಜ್ ವಿಷಯದಲ್ಲಿ. ಅದು ತೆರಿಗೆಯಲ್ಲ. ಹೋಟೆಲಿನವರು ತಾವಾಗಿಯೇ ಅದನ್ನು ಬಿಲ್ಲಿಗೆ ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೇಳಿತು. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಇದನ್ನು ಎತ್ತಿಹಿಡಿಯಿತು. ಸೇರಿಸಿದ್ದರೆ ತೆಗೆಯಿರಿ ಎಂದು ಹೇಳಬಹುದು. ಒಪ್ಪದಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ. ಆದರೆ ಅದನ್ನು ತೆಗೆಸಿದ ಖುಷಿಯಲ್ಲಿ, ಬಡಿಸಿದವನಿಗೆ ಏನೂ ಕೊಡದೆ ಎದ್ದು ಬರುವುದು ಸರಿಯಲ್ಲ.

ಇಲ್ಲಿನ ಥಾಲಿ ಹೋಟೆಲುಗಳಲ್ಲಿ ಒಬ್ಬ ರೋಟಲಿ ತಂದರೆ, ಇನ್ನೊಬ್ಬ ದಾಲ್, ಮತ್ತೊಬ್ಬ ಫರ್ಸಾಣ್ ತರುತ್ತಾನೆ. ಬಿಲ್ ತಂದವನ ಕೈಗಷ್ಟೇ ಕೊಟ್ಟರೆ ಉಳಿದವರಿಗೆ ಮುಟ್ಟುತ್ತದೆಯೇ? 'ಎಲ್ಲರೂ ಹಂಚಿಕೊಳ್ಳುತ್ತೀರಾ?' ಎಂದು ಈಗ ಕೇಳುತ್ತೇನೆ. ಸಂಕೋಚವಿಲ್ಲದೆ ಉತ್ತರ ಹೇಳುತ್ತಾರೆ.

ಯುಪಿಐ ಬಂದ ಮೇಲೆ ಇನ್ನೊಂದು ಬದಲಾವಣೆಯಾಗಿದೆ. ಮೊದಲು ಬಿಲ್ ಕೊಟ್ಟು ಉಳಿದ ಚಿಲ್ಲರೆ ಸೋಂಪಿನ ತಟ್ಟೆಯಲ್ಲೇ ಬಿಟ್ಟು ಬರುತ್ತಿದ್ದೆವು. ಈಗ ಕಟ್ಟುವುದು ಪೈಸೆಗೆ ಪೈಸೆ ಲೆಕ್ಕ, ಚಿಲ್ಲರೆ ಉಳಿಯುವುದೇ ಇಲ್ಲ. ನಾವು ಜಿಪುಣರಾಗಿಲ್ಲ, ಆದರೂ ಅವರ ಕೈ ಬರಿದಾಗಿದೆ. ಅದಕ್ಕೇ ನಾನು ಜೇಬಿನಲ್ಲಿ ಹತ್ತು, ಇಪ್ಪತ್ತರ ನೋಟು ಇಟ್ಟುಕೊಂಡೇ ಹೊರಡುತ್ತೇನೆ.

ದರ್ಶಿನಿಗಳಲ್ಲಿ ನಿಂತು ತಿಂದು, ನಾವೇ ತಟ್ಟೆ ಇಟ್ಟು ಬಂದು ಅಭ್ಯಾಸವಾದವರಿಗೆ ಇದೆಲ್ಲ ಹೊಸದು. ಪರಊರಿಗೆ ಹೋದಾಗ ಬಾಡಿಗೆ ಎಷ್ಟು, ನೀರು ಹೇಗೆ ಎಂದು ವಿಚಾರಿಸುತ್ತೇವಲ್ಲ, ಹಾಗೆಯೇ 'ಇಲ್ಲಿ ಯಾರಿಗೆ, ಯಾವಾಗ ಕೊಡುತ್ತೀರಿ?' ಎಂದು ಪಕ್ಕದ ಮನೆಯವರನ್ನು ಕೇಳಿಬಿಡಿ. ಮರುವರ್ಷದ ಬೆಸ್ತು ವರಸ್‌ಗೆ ಕಾಕಾ ಬೆಲ್ ಮಾಡುವ ಮೊದಲೇ ನಾನು ಲಕೋಟೆ ಹಿಡಿದು ಗೇಟಿನ ಬಳಿ ಇದ್ದೆ. "ಸಾಲ್ ಮುಬಾರಕ್ ಕಾಕಾ, ಬೋಣಿ" ಅಂದೆ. ಈ ಸಲ ಅವರು ಜೋರಾಗಿ ನಕ್ಕರು.